ಮನೆಯಲ್ಲಿ ಆರೈಕೆ ಮಾಡುವವರಿಗೆ ಯಾವ ಸೇವೆ ಕೊಡಬೇಕು? ಶುರು ಮಾಡುವ ಮುನ್ನ ಒಂದು ಹೋಲಿಕೆ

ವರ್ಷಕ್ಕೆ ಇಷ್ಟು ಹಣವಿದೆ, ಕೆಲಸ ಮಾಡಲು ಒಂದಿಷ್ಟು ಜನರಿದ್ದಾರೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿರುವ ಮನೆಯವರಿಗಾಗಿ ಏನಾದರೂ ಮಾಡಬೇಕೆಂದಿದ್ದೇವೆ. ಯಾವುದರಿಂದ ಶುರು ಮಾಡೋಣ? ಮನೆಮನೆ ತಿರುಗುವ ಕೆಲಸದಲ್ಲಿರುವ ನನ್ನ ಬಳಿಗೆ ಈ ಪ್ರಶ್ನೆ ಆಗಾಗ ಬರುತ್ತದೆ. ಕೇಳುವವರಲ್ಲಿ ತಾಲ್ಲೂಕು ಕೇಂದ್ರದ ಟ್ರಸ್ಟ್‌ನವರಿದ್ದಾರೆ, ಅಪಾರ್ಟ್‌ಮೆಂಟ್‌ಗಳ ಹಿರಿಯ ನಾಗರಿಕರ ವೇದಿಕೆಯವರಿದ್ದಾರೆ, ಸಣ್ಣ ನರ್ಸಿಂಗ್ ಹೋಮ್ ನಡೆಸುವ ವೈದ್ಯರಿದ್ದಾರೆ, ಹೊರದೇಶದಲ್ಲಿದ್ದುಕೊಂಡು ಊರಿಗೆ ಹಣ ಕಳುಹಿಸಲು ಮುಂದಾದವರೂ ಇದ್ದಾರೆ. ಹೆಚ್ಚಿನವರು ಉತ್ತರವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬಂದಿರುತ್ತಾರೆ. ಟ್ರಸ್ಟ್‌ನವರಿಗೆ ದಾನಿಗಳ ಹೆಸರು ಕೆತ್ತಿಸಬಹುದಾದ ಕಟ್ಟಡ ಬೇಕು, ವೈದ್ಯರಿಗೆ ತರಬೇತಿ ಶಿಬಿರ ಬೇಕು, ಅಪಾರ್ಟ್‌ಮೆಂಟ್‌ನವರಿಗೆ ಆ್ಯಪ್ ಬೇಕು. ಆರೈಕೆ ಮಾಡುತ್ತಿರುವ ಹೆಂಗಸಿಗೆ ಏನು ಬೇಕು ಎಂದು ಕೇಳಿಕೊಂಡು ಬಂದವರು ಕಡಿಮೆ.

ಆರು ದಾರಿಗಳನ್ನು ಇಲ್ಲಿ ತೂಗಿ ನೋಡಿದ್ದೇನೆ: ತಿಂಗಳ ಸಭೆ, ಹಗಲು ಆರೈಕೆ ಕೇಂದ್ರ, ಮನೆಭೇಟಿ, ತರಬೇತಿ, ಸಹಾಯವಾಣಿ, ಹಣದ ನೆರವು. ನನ್ನ ಒಲವು ಯಾವುದರ ಕಡೆಗೆ ಎಂಬುದನ್ನು ಮುಚ್ಚಿಡುವುದಿಲ್ಲ. ಈ ಮನೆಗಳಲ್ಲಿ ಹಣಕ್ಕಿಂತ, ಮಾಹಿತಿಗಿಂತ ಮೊದಲು ಮುಗಿದುಹೋಗುವುದು ಹೊತ್ತು. ಯಾವ ಸೇವೆಯನ್ನೇ ಆಗಲಿ, ಅದು ಎಷ್ಟು ಗಂಟೆಯನ್ನು ಆಕೆಯ ಕೈಗೆ ಮರಳಿಸಿತು ಎಂದೇ ಮೊದಲು ಅಳೆಯಬೇಕು.

ಯಾರಿಗಾಗಿ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆರೈಕೆದಾರರು ಯಾರು ಎಂದು ಹೇಳುವಾಗ ತಂದೆ ತಾಯಿಯನ್ನೂ ಮನೆಯ ಇತರರನ್ನೂ ಸೇರಿಸಿಕೊಂಡಿದೆ. ಸಂಬಳ ಪಡೆದರೂ ಸರಿ, ಪಡೆಯದಿದ್ದರೂ ಸರಿ. ಕಾಯ್ದೆಯಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ, ಮನೆಯೊಳಗೆ ಇದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರ ಆರೈಕೆಯಲ್ಲಿ ತೊಡಗಿರುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 134 ನಿಮಿಷ ಕೊಡುತ್ತಾರೆ, ಗಂಡಸರು 76 ನಿಮಿಷ. ಮಕ್ಕಳನ್ನು ನೋಡಿಕೊಳ್ಳುವುದೂ ಈ ಲೆಕ್ಕದಲ್ಲಿ ಸೇರಿದೆ. ಪಾರ್ಶ್ವವಾಯು ಬಡಿದ ಅತ್ತೆ ಇರುವ ಮನೆಯ ಸೊಸೆಗೆ ಆ 134 ನಿಮಿಷ ಬೆಳಗಿನ ತಿಂಡಿಯ ಹೊತ್ತಿಗೇ ಖರ್ಚಾಗಿರುತ್ತದೆ.

ಎಲ್ಲ ಮನೆಗಳ ಕಷ್ಟವೂ ಒಂದೇ ಬಗೆಯದಲ್ಲ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವ ಮನೆಯಲ್ಲಿ ಕಾಟ ರಾತ್ರಿಯದು: ಎರಡು ಗಂಟೆಗೆ ಎದ್ದು ಚಿಲಕ ತೆಗೆಯುವ ಮಾವ, ಊಟ ಹಾಕಿಲ್ಲವೆಂದು ಬೀದಿಗೆ ಕೇಳುವಂತೆ ಕೂಗುವ ಅಮ್ಮ. ಪಾರ್ಶ್ವವಾಯುವಾದರೆ ಬೆನ್ನು ಮುರಿಯುವ ಕೆಲಸ. ಸ್ಕಿಝೋಫ್ರೀನಿಯಾದಂಥ ಮಾನಸಿಕ ಕಾಯಿಲೆಯಾದರೆ ದಶಕಗಳ ಕಾಲ ನಡೆಯುವ ಆರೈಕೆ, ಜೊತೆಗೆ ನೆಂಟರಿಷ್ಟರಿಂದ ಮುಚ್ಚಿಡಬೇಕೆಂಬ ಒತ್ತಡ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ತಂದೆ ತಾಯಿಗೆ ನಮ್ಮ ನಂತರ ಯಾರು ಎಂಬ ಚಿಂತೆ. ಕೊನೆಯ ಹಂತದ ಕ್ಯಾನ್ಸರ್ ಆದರೆ ಕೆಲವೇ ವಾರ, ಆದರೆ ಒಂದೊಂದು ದಿನವೂ ತುರ್ತು. ನೀವು ಯಾರಿಗಾಗಿ ಎಂದು ನಿರ್ಧರಿಸದೆ ಏನನ್ನು ಎಂದು ನಿರ್ಧರಿಸಲು ಹೊರಟರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ಸಿಕ್ಕಿ ಯಾರಿಗೂ ಸಾಲದ ಸೇವೆಯೊಂದು ಹುಟ್ಟುತ್ತದೆ.

ಅಳತೆಗೋಲು

ಪ್ರತಿಯೊಂದು ದಾರಿಗೂ ನಾನು ಕೇಳುವ ಪ್ರಶ್ನೆಗಳು ಇವು. ವಾರಕ್ಕೆ ಎಷ್ಟು ಗಂಟೆ ಬಿಡುವು ಸಿಗುತ್ತದೆ, ಅದು ಮೊದಲೇ ಗೊತ್ತಿರುವ ಹೊತ್ತೇ? ಗೊತ್ತಿಲ್ಲದ ಬಿಡುವಿನಿಂದ ಪ್ರಯೋಜನ ಕಡಿಮೆ. ಮಂಗಳವಾರ ಮಧ್ಯಾಹ್ನ ಎರಡರಿಂದ ಐದು ಎಂದು ನಿಗದಿಯಾದರೆ ಮಾತ್ರ ಆಕೆ ಹಲ್ಲಿನ ವೈದ್ಯರನ್ನು ಕಾಣಲು ಸಮಯ ಗೊತ್ತು ಮಾಡಿಕೊಳ್ಳಬಲ್ಲಳು. ಎರಡನೆಯದು, ಮನೆ ಬಿಟ್ಟು ಹೊರಬರಲಾಗದವರಿಗೆ ಈ ಸೇವೆ ತಲುಪುತ್ತದೆಯೇ? ಮೂರನೆಯದು, ಆಕೆಯ ರಾತ್ರಿಯನ್ನೋ ಬೆನ್ನುನೋವನ್ನೋ ಕಿಂಚಿತ್ತಾದರೂ ಹಗುರ ಮಾಡುತ್ತದೆಯೇ? ನಾಲ್ಕನೆಯದು, ಮನೆಯವರು ಒಪ್ಪುತ್ತಾರೆಯೇ? ಅತ್ತೆಯನ್ನು ಹೊರಗಿನವರ ಕೈಗೆ ಒಪ್ಪಿಸಿ ಸೊಸೆ ತಿರುಗಾಡಲು ಹೋದಳು ಎಂಬ ಮಾತಿಗೆ ಹೆದರಿ ಉಚಿತ ಸೇವೆಯನ್ನೂ ಬೇಡವೆನ್ನುವ ಮನೆಗಳು ಬೇಕಾದಷ್ಟಿವೆ. ಕೊನೆಯದು, ಮೊದಲ ದಾನಿ ಕೈಬಿಟ್ಟ ಮೇಲೂ ಇದು ನಡೆಯುತ್ತದೆಯೇ? ಆರು ತಿಂಗಳು ನಡೆದು ಮುಚ್ಚಿದ ಸೇವೆಯಿಂದ ಆಗುವ ಹಾನಿ ಸಣ್ಣದಲ್ಲ. ಆ ಮನೆ ಮುಂದೆ ಯಾರನ್ನೂ ನಂಬುವುದಿಲ್ಲ.

ಯೋಜನೆ ಬರೆಯುವ ಮೊದಲು ಹತ್ತು ಮನೆಗಳಿಗೆ ಹೋಗಿ ಬನ್ನಿ. ಆರೈಕೆದಾರರ ಹೊರೆಯನ್ನು ಅಳೆಯಲು ಝಾರಿಟ್ ಪ್ರಶ್ನಾವಳಿ ಎಂಬುದಿದೆ; ಪೂರ್ಣ ರೂಪದಲ್ಲಿ 22 ಪ್ರಶ್ನೆಗಳು, ಚಿಕ್ಕ ರೂಪದಲ್ಲಿ 12. ದಾಖಲೆಗೆ ಅದು ಒಳ್ಳೆಯದು. ಆದರೆ ನನಗೆ ಹೆಚ್ಚು ತಿಳಿಸಿಕೊಟ್ಟಿರುವುದು ಒಂದೇ ಪ್ರಶ್ನೆ: "ಹೋದ ವಾರ ನಿಮ್ಮ ಸ್ವಂತ ಕೆಲಸಕ್ಕೆಂದು ಮನೆಯಿಂದ ಹೊರಗೆ ಎಷ್ಟು ಹೊತ್ತು ಇದ್ದಿರಿ?" ಔಷಧದ ಅಂಗಡಿಗೆ ಹೋಗಿದ್ದನ್ನು ಇದರಲ್ಲಿ ಸೇರಿಸಬಾರದು. ಇದನ್ನು ಮನೆಯ ಗಂಡಸರ ಎದುರಿಗೆ ಕೇಳಬೇಡಿ, ಉತ್ತರ ಅವರಿಂದಲೇ ಬರುತ್ತದೆ.

ತಿಂಗಳ ಸಭೆ

ಎಲ್ಲಕ್ಕಿಂತ ಅಗ್ಗ. ಒಂದು ಕೋಣೆ, ಇಪ್ಪತ್ತು ಕುರ್ಚಿ, ಚಹಾ, ಮಾತನ್ನು ಹದವಾಗಿ ನಡೆಸಬಲ್ಲ ಒಬ್ಬರು. ವರ್ಷಕ್ಕೆ ₹40,000ದೊಳಗೆ ನಡೆಸಬಹುದು. ಇಲ್ಲಿ ಸಿಗುವುದು ಬೇರೆಲ್ಲೂ ಸಿಗದು: ತನ್ನಂತೆಯೇ ಇರುವ ಇನ್ನೊಬ್ಬರು. "ಒಮ್ಮೊಮ್ಮೆ ಬೇಗ ಹೋಗಿಬಿಡಲಿ ಅನ್ನಿಸುತ್ತದೆ" ಎಂಬ ಮಾತನ್ನು ಗಂಡನಿಗಾಗಲಿ ಅಕ್ಕನಿಗಾಗಲಿ ಹೇಳಲಾಗದವರು ಇಲ್ಲಿ ಹೇಳುತ್ತಾರೆ, ಎದುರಿಗಿದ್ದವರು ತಲೆಯಾಡಿಸುತ್ತಾರೆ. ಅದರ ಬೆಲೆ ದೊಡ್ಡದು.

ಆದರೆ ಸಭೆಗೆ ಬರುವವರು ಯಾರು? ಮನೆಯಲ್ಲಿ ಬೇರೊಬ್ಬರನ್ನು ಕೂರಿಸಿ ಬರಬಲ್ಲವರು. ಅಂದರೆ ಸ್ವಲ್ಪವಾದರೂ ಅನುಕೂಲ ಇರುವವರು. ಅತಿ ಹೆಚ್ಚು ಬಳಲಿದವರು ಸಭೆಯ ಪಟ್ಟಿಯಲ್ಲೇ ಇರುವುದಿಲ್ಲ. ಮೂರನೆಯ ಸಭೆಯ ಹೊತ್ತಿಗೆ ಹಾಜರಾತಿ ಅರ್ಧಕ್ಕಿಳಿದರೆ ಜನರಿಗೆ ಆಸಕ್ತಿಯಿಲ್ಲವೆಂದು ಬೇಸರಿಸಬೇಡಿ. ಬರದವರ ಮನೆಗೆ ಹೋಗಿ ನೋಡಿ.

ಇದನ್ನು ಸರಿಪಡಿಸಲು ಸಣ್ಣ ಉಪಾಯಗಳಿವೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ದಿನವೇ, ಅಲ್ಲೇ ಒಂದು ಕೋಣೆ ಕೇಳಿ ಪಡೆದು ಸಭೆ ಇಡಿ. ಮಾತ್ರೆ ಒಯ್ಯಲು ಬಂದವರು ಹೇಗೂ ಬಂದಿರುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿರುವುದರಿಂದ ಹೆಂಗಸರಿಗೆ ಬಸ್ ಖರ್ಚಿಲ್ಲ. ಕೊನೆಯ ಬಸ್ಸಿನ ಸಮಯ ನೋಡಿಕೊಂಡು ಸಭೆ ಮುಗಿಸಿದರಾಯಿತು. ಡಿಮೆನ್ಷಿಯಾದ ಮನೆಯವರನ್ನೂ ಮಾನಸಿಕ ಕಾಯಿಲೆಯ ಮನೆಯವರನ್ನೂ ಒಂದೇ ಸಭೆಯಲ್ಲಿ ಕೂರಿಸಬೇಡಿ. ಒಬ್ಬರದು ಕೊನೆಯಿರುವ ಆರೈಕೆ, ಇನ್ನೊಬ್ಬರದು ಜೀವಮಾನದ್ದು. ವೈದ್ಯರ ಉಪನ್ಯಾಸವಂತೂ ವರ್ಷಕ್ಕೆ ಎರಡು ಸಾಕು. ಉಪನ್ಯಾಸವಿದ್ದ ದಿನ ಆರೈಕೆದಾರರು ಬಾಯಿ ಬಿಡುವುದಿಲ್ಲ. ಇನ್ನು ಮಹಿಳಾ ದಿನಾಚರಣೆಗೆ ಇವರನ್ನು ವೇದಿಕೆಗೆ ಕರೆದು ಶಾಲು ಹೊದಿಸುವ ಉಮೇದು ಯಾರಿಗಾದರೂ ಬಂದರೆ, ಆ ಶಾಲಿನ ಹಣದಲ್ಲಿ ಮೂರು ಗಂಟೆ ಆ ಮನೆಗೆ ಒಬ್ಬರನ್ನು ಕಳುಹಿಸಬಹುದಿತ್ತು ಎಂದು ನೆನಪಿಸಿ.

ಹಗಲು ಆರೈಕೆ ಕೇಂದ್ರ

ಗಂಟೆಗಳ ಲೆಕ್ಕದಲ್ಲಿ ಇದಕ್ಕೆ ಸಾಟಿಯಿಲ್ಲ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ರೋಗಿಯನ್ನು ಕೇಂದ್ರವೇ ನೋಡಿಕೊಳ್ಳುತ್ತದೆ; ತಿಂಗಳಿಗೆ 22 ದಿನ ಎಂದರೆ ಒಂದು ಮನೆಗೆ 132 ಗಂಟೆ ಬಿಡುವು. ಆಕೆ ಕೆಲಸಕ್ಕೆ ಮರಳಬಹುದು, ಹೊಲಿಗೆ ಹಿಡಿಯಬಹುದು, ಸುಮ್ಮನೆ ಮಲಗಬಹುದು.

ಖರ್ಚನ್ನು ಒಂದು ಅಂದಾಜಿನಲ್ಲಿ ಕೂಡಿಸಿ ನೋಡೋಣ. ನಿಮ್ಮೂರಿನ ದರ ನೀವು ಹಾಕಿಕೊಳ್ಳಿ. ಹತ್ತು ಜನರ ಕೇಂದ್ರಕ್ಕೆ ಇಬ್ಬರು ಆರೈಕೆ ಸಿಬ್ಬಂದಿ ತಲಾ ₹15,000, ಅಡುಗೆ ಮತ್ತು ಶುಚಿಗೆ ಒಬ್ಬರು ₹13,000, ಚಾಲಕನೂ ಡೀಸೆಲ್ಲೂ ಸೇರಿ ವ್ಯಾನಿಗೆ ₹25,000, ಬಾಡಿಗೆ ₹12,000, ಊಟಕ್ಕೆ ಸುಮಾರು ₹13,200, ಚಿಲ್ಲರೆ ಖರ್ಚು ₹6,000. ಒಟ್ಟು ತಿಂಗಳಿಗೆ ₹99,200. ಹತ್ತು ಜನರೂ ಬಂದರೆ ಒಂದು ಗಂಟೆಯ ಬಿಡುವಿಗೆ ₹75 ಬೀಳುತ್ತದೆ. ಐದೇ ಜನ ಬಂದರೆ ಊಟದ ಖರ್ಚಷ್ಟೇ ಇಳಿಯುತ್ತದೆ, ಗಂಟೆಗೆ ₹140 ಆಗುತ್ತದೆ.

ಈ ಲೆಕ್ಕದಲ್ಲಿ ಕಾಣದ ಮೂರು ಸಂಗತಿಗಳಿವೆ. ಹತ್ತು ಗಂಟೆಗೆ ವ್ಯಾನ್ ಕೇಂದ್ರ ಮುಟ್ಟಬೇಕೆಂದರೆ ಎಂಟೂವರೆಗೆ ಸ್ನಾನ, ಬಟ್ಟೆ, ತಿಂಡಿ, ಡಯಾಪರ್ ಎಲ್ಲ ಮುಗಿದಿರಬೇಕು. ಮೊಣಕಾಲು ಮಡಚದ ತೊಂಬತ್ತು ಕೆ.ಜಿ. ತೂಕದ ಗಂಡನನ್ನು ಅಷ್ಟು ಹೊತ್ತಿಗೆ ಅಣಿಗೊಳಿಸುವ ಅರವತ್ತೈದರ ಹೆಂಡತಿಗೆ ಕೇಂದ್ರವೆಂದರೆ ಮೊದಲು ನೆನಪಾಗುವುದು ಆ ಅವಸರವೇ. ಎರಡನೆಯದು, ಪೂರ್ತಿ ಹಾಸಿಗೆ ಹಿಡಿದವರಿಗೆ ಇದರಿಂದ ಏನೂ ಸಿಗದು. ಮೂರನೆಯದು ವ್ಯಾನ್. ಕೇಂದ್ರ ಮುಚ್ಚುವ ಹೊತ್ತಿನಲ್ಲಿ ಮೊದಲು ನಿಲ್ಲುವುದು ಅದೇ. ವ್ಯಾನ್ ನಿಂತ ತಿಂಗಳೇ ಅರ್ಧ ಜನ ಬಿಡುತ್ತಾರೆ.

ಇದರಿಂದ ಆರೈಕೆದಾರರ ಮನಸ್ಸು ನಿಜವಾಗಿ ಹಗುರಾಗುತ್ತದೆಯೇ? ಅಮೆರಿಕದ ನ್ಯೂಜೆರ್ಸಿಯಲ್ಲಿ ಸ್ಟೀವನ್ ಝಾರಿಟ್ ಮತ್ತು ಸಂಗಡಿಗರು ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಕನಿಷ್ಠ ಎರಡು ದಿನದಂತೆ ಮೂರು ತಿಂಗಳು ಕೇಂದ್ರವನ್ನು ಬಳಸಿದ ಡಿಮೆನ್ಷಿಯಾ ಕುಟುಂಬಗಳಲ್ಲಿ ಒತ್ತಡವೂ ಖಿನ್ನತೆಯೂ ಕಡಿಮೆ ಇದ್ದವು. ಇಂಥ ಬಿಡುವಿನ ಸೇವೆಗಳ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಕೊಕ್ರೇನ್ ಎಂಬ ಸಂಶೋಧಕರ ಜಾಲದ 2014ರ ಪರಾಮರ್ಶೆಗೆ ಮಾತ್ರ ಸ್ಪಷ್ಟ ಲಾಭ ಕಾಣಲಿಲ್ಲ. ಸಿಕ್ಕಿದ್ದು ಗುಣಮಟ್ಟ ಕಡಿಮೆಯಿದ್ದ ನಾಲ್ಕೇ ಪ್ರಯೋಗಗಳು. ಎರಡನ್ನೂ ಎದುರಿಗಿಟ್ಟುಕೊಂಡು ನಾನು ತೆಗೆಯುವ ಅರ್ಥ ಇಷ್ಟು: ಬಿಡುವನ್ನು ಕೊಡುವುದಾದರೆ ತಕ್ಕಷ್ಟು ಕೊಡಬೇಕು, ತಿಂಗಳಿಗೊಮ್ಮೆ ಕೊಟ್ಟ ನಾಲ್ಕು ಗಂಟೆಯಿಂದ ಖಿನ್ನತೆ ಇಳಿಯುವುದಿಲ್ಲ.

ಇದು ಚೆನ್ನಾಗಿ ಹೊಂದುವುದು ನಡೆದಾಡಬಲ್ಲವರಿಗೆ: ಡಿಮೆನ್ಷಿಯಾದ ಮೊದಲ ಮತ್ತು ನಡುವಿನ ಹಂತ, ಬೌದ್ಧಿಕ ಅಸಾಮರ್ಥ್ಯವಿರುವ ಯುವಕ ಯುವತಿಯರು, ಚೇತರಿಸಿಕೊಳ್ಳುತ್ತಿರುವ ಮಾನಸಿಕ ಅಸ್ವಸ್ಥರು. ಈ ಕೊನೆಯವರಿಗಾಗಿ ರಾಜ್ಯದಲ್ಲಿ ಮಾನಸಧಾರಾ ಕೇಂದ್ರಗಳಿವೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ಅಂಗವೈಕಲ್ಯಗಳಿಗೆ 1999ರ ಕಾಯ್ದೆಯಡಿ ಬಂದ ನ್ಯಾಷನಲ್ ಟ್ರಸ್ಟ್‌ನ ಯೋಜನೆಗಳಿವೆ. ಬೆಂಗಳೂರಿನಲ್ಲಿ ಡಿಮೆನ್ಷಿಯಾಕ್ಕೆಂದೇ ಕೆಲಸ ಮಾಡುವ ಸಂಸ್ಥೆಗಳೂ ಇವೆ. ನಿಮ್ಮ ಜಿಲ್ಲೆಯಲ್ಲಿ ಆಗಲೇ ಒಂದಿದ್ದರೆ ಇನ್ನೊಂದನ್ನು ತೆರೆಯುವ ಬದಲು ಅದಕ್ಕೆ ವ್ಯಾನ್ ಕೊಡಿ. ಇಲ್ಲವೆಂದಾದರೆ ಕಟ್ಟಡ ಕಟ್ಟದೆ, ನೆಲಮಹಡಿಯಲ್ಲಿ ಕಮೋಡ್ ಇರುವ ಒಂದು ಸಮುದಾಯ ಭವನವನ್ನು ವಾರಕ್ಕೆರಡು ದಿನ ಬಾಡಿಗೆಗೆ ಹಿಡಿದು ನೋಡಿ. ಒಂದು ವರ್ಷ ಆ ಎರಡು ದಿನ ತುಂಬಿದರೆ ಮೂರನೆಯ ದಿನದ ಯೋಚನೆ ಮಾಡಬಹುದು.

ಮನೆಭೇಟಿ

ನನ್ನ ಮಟ್ಟಿಗೆ ಸಣ್ಣ ಊರು, ಸಣ್ಣ ಬಜೆಟ್ ಎರಡಕ್ಕೂ ಒಗ್ಗುವುದು ಇದು. ನಮ್ಮ ಹತ್ತಿರದ್ದೇ ಒಂದು ಪುರಾವೆಯೂ ಇದೆ. ಗೋವಾದಲ್ಲಿ ಡಿಮೆನ್ಷಿಯಾ ಇರುವ 81 ಕುಟುಂಬಗಳೊಡನೆ ನಡೆದ, 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವೃತ್ತಿ ಶಿಕ್ಷಣವಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಆರು ತಿಂಗಳು ಮನೆಮನೆಗೆ ಕಳುಹಿಸಲಾಯಿತು. ಅವರ ಬೆನ್ನ ಹಿಂದೆ ಒಬ್ಬ ಆಪ್ತ ಸಮಾಲೋಚಕರೂ ಒಬ್ಬ ಮನೋವೈದ್ಯರೂ ಇದ್ದರು. ಆರೈಕೆ ಮಾಡುವವರ ಮಾನಸಿಕ ಆರೋಗ್ಯ ಸುಧಾರಿಸಿತು. ಕೇರಳದಲ್ಲಿ 1993ರಲ್ಲಿ ಕೋಯಿಕ್ಕೋಡಿನ ನೋವು ನಿವಾರಣಾ ಕ್ಲಿನಿಕ್‌ನಿಂದ ಹೊರಟು ಮಲಪ್ಪುರಂನಂಥ ಜಿಲ್ಲೆಗಳಲ್ಲಿ ನೆರೆಹೊರೆಯವರೇ ಕಟ್ಟಿದ ಜಾಲವೂ ಮನೆಭೇಟಿಯನ್ನೇ ಆಧರಿಸಿದೆ. 2008ರ ಉಪಶಾಮಕ ಆರೈಕೆ (ಗುಣವಾಗದ ಕಾಯಿಲೆಯಲ್ಲಿ ನೋವು, ಸಂಕಟ ತಗ್ಗಿಸುವ ಆರೈಕೆ) ನೀತಿಯ ನಂತರ ಅಲ್ಲಿ ಪಂಚಾಯಿತಿಗಳೂ ಅದಕ್ಕೆ ಕೈಜೋಡಿಸಿದವು.

ಮನೆಭೇಟಿಯಲ್ಲಿ ಎರಡು ಬಗೆ, ಇವನ್ನು ಬೆರೆಸಬಾರದು. ಕಲಿಸಲು ಹೋಗುವ ಭೇಟಿ ಒಂದು: ಮಾತನಾಡುವುದು, ಹುಣ್ಣು ನೋಡುವುದು, ಮಾತ್ರೆ ಹೊಂದಿಸುವುದು. ಕುಳಿತುಕೊಳ್ಳಲು ಹೋಗುವ ಭೇಟಿ ಇನ್ನೊಂದು: ನೀವು ಹೊರಡಿ, ನಾನಿರುತ್ತೇನೆ ಎನ್ನುವುದು. ಕುಳಿತುಕೊಳ್ಳಲು ಹೋದ ಕಾರ್ಯಕರ್ತೆ ಸೊಸೆಯೊಡನೆ ಅಡುಗೆಮನೆಯಲ್ಲಿ ಎರಡು ಗಂಟೆ ಮಾತನಾಡಿ ಬಂದರೆ ಇಬ್ಬರಿಗೂ ಖುಷಿಯಾಗುತ್ತದೆ, ಆದರೆ ಬಿಡುವು ಸಿಕ್ಕಿರುವುದಿಲ್ಲ. ಮೊದಲ ಎರಡು ಮೂರು ವಾರ ಹೀಗೆಯೇ ಆಗುತ್ತದೆ. ಹೊಸಬರ ಕೈಗೆ ಒಪ್ಪಿಸಿ ಹೊರಡಲು ಯಾರಿಗೂ ಧೈರ್ಯ ಬಾರದು. ಮೊದಲ ದಿನ ಆಕೆ ಗೇಟಿನವರೆಗೆ ಹೋಗಿ ಎರಡು ಸಲ ವಾಪಸು ಬರುತ್ತಾಳೆ: ಚಮಚ ಎಲ್ಲಿದೆ ಎಂದು ಹೇಳಲು ಒಮ್ಮೆ, ನೀರು ಕುಡಿಸುವಾಗ ತಲೆ ಎತ್ತಿ ಹಿಡಿಯಿರಿ ಎನ್ನಲು ಇನ್ನೊಮ್ಮೆ. ಆಮೇಲೆ ಪಕ್ಕದ ಮನೆಯ ಜಗುಲಿಯಲ್ಲಿ ಕುಳಿತು ಅರ್ಧ ಗಂಟೆಗೆ ಮರಳುತ್ತಾಳೆ. ನಾಲ್ಕನೆಯ ವಾರದ ಹೊತ್ತಿಗೆ ಬ್ಯಾಂಕಿಗೆ ಹೋಗುತ್ತಾಳೆ. ಆದ್ದರಿಂದ ಒಂದು ತಿಂಗಳಿಗೇ ಫಲಿತಾಂಶ ಕೇಳಬೇಡಿ, ಒಂದು ಮನೆಗೆ ಪ್ರತಿ ಸಲವೂ ಅದೇ ಕಾರ್ಯಕರ್ತೆಯನ್ನು ಕಳುಹಿಸಿ.

ಇದರ ಲೆಕ್ಕ ಹೀಗಿದೆ. ಒಬ್ಬ ಕಾರ್ಯಕರ್ತೆ ದಿನಕ್ಕೆ ಎರಡು ಮನೆಯಂತೆ ವಾರಕ್ಕೆ ಹತ್ತು ಮನೆ ನೋಡುತ್ತಾರೆ, ಪ್ರತಿ ಮನೆಯಲ್ಲಿ ಮೂರು ಗಂಟೆ. ಸಂಬಳ ₹15,000, ಓಡಾಟಕ್ಕೆ ₹2,500, ವಾರಕ್ಕೊಮ್ಮೆ ಮೇಲ್ವಿಚಾರಣೆ ಮಾಡುವ ನರ್ಸ್‌ಗೆ ₹4,000. ತಿಂಗಳಿಗೆ ₹21,500, ಗಂಟೆಗೆ ಸುಮಾರು ₹180. ಗಂಟೆಯ ದರದಲ್ಲಿ ಅರ್ಧ ಖಾಲಿಯಿರುವ ಹಗಲು ಕೇಂದ್ರವೇ ಇದಕ್ಕಿಂತ ಅಗ್ಗ, ಇದನ್ನು ಒಪ್ಪಿಕೊಳ್ಳಬೇಕು. ಆದರೆ ಹೊರಬರಲಾಗದ ಮನೆಗೆ ತಲುಪುವುದು ಇದೊಂದೇ; ತಿಂಗಳಿಗೆ ₹21,500 ಹೊಂದಿಸುವುದಕ್ಕೂ ಒಂದು ಲಕ್ಷ ಹೊಂದಿಸುವುದಕ್ಕೂ ಬಹಳ ಅಂತರವಿದೆ. ಮಲೆನಾಡಿನಲ್ಲಿ, ಕರಾವಳಿಯ ಒಳಭಾಗದಲ್ಲಿ ಮನೆಗಳು ದೂರ ದೂರ ಇರುವುದರಿಂದ ದಿನಕ್ಕೆ ಎರಡು ಮನೆ ಸಾಧ್ಯವಾಗದು. ಅಲ್ಲಿ ಗಂಟೆಯ ದರ ಇನ್ನೂ ಏರುತ್ತದೆ.

ತೊಡಕುಗಳನ್ನು ಮುಚ್ಚಿಡಬಾರದು. ಪೊಲೀಸ್ ಪರಿಶೀಲನೆ ಆಗಿರಬೇಕು. ಮನೆಯಲ್ಲಿ ಚಿನ್ನ, ನಗದು ಇದ್ದ ಕಪಾಟಿಗೆ ಬೀಗ ಹಾಕಿ ಹೊರಡಿ ಎಂದು ಮನೆಯವರಿಗೆ ಮೊದಲ ದಿನವೇ ಹೇಳಬೇಕು. ಹೇಳಲು ಸಂಕೋಚಪಟ್ಟರೆ ನಾಳೆ ಕಾರ್ಯಕರ್ತೆಯ ಮೇಲೇ ಅಪವಾದ ಬಂದೀತು. ಒಬ್ಬರೇ ರೋಗಿಯನ್ನು ಎತ್ತಬಾರದು, ಚುಚ್ಚುಮದ್ದು ಕೊಡಬಾರದು ಎಂಬ ನಿಯಮ ಬರಹದಲ್ಲಿರಬೇಕು. ಬರುವವರು ಯಾವ ಜಾತಿ ಎಂದು ಕೇಳುವ, ಅಡುಗೆಮನೆಗೆ ಬಿಡದ ಮನೆಗಳು ಸಿಕ್ಕೇ ಸಿಗುತ್ತವೆ. ಅಂಥಲ್ಲಿ ಹೊಂದಿಕೊಂಡು ಹೋಗಿ ಎಂದು ಕಾರ್ಯಕರ್ತೆಗೆ ಬುದ್ಧಿ ಹೇಳುವುದು ಅನ್ಯಾಯ. ಜಾತಿ ನೋಡಿ ಕಳುಹಿಸುವುದಿಲ್ಲ ಎಂದು ಸಂಸ್ಥೆಯೇ ಮೊದಲ ಭೇಟಿಯಲ್ಲಿ ಖಡಾಖಂಡಿತವಾಗಿ ಹೇಳಬೇಕು. ಒಪ್ಪದಿದ್ದರೆ ಪಟ್ಟಿಯಲ್ಲಿ ಮುಂದಿನ ಮನೆ ಇದ್ದೇ ಇದೆ.

ಸ್ವಯಂಸೇವಕರಿಂದಲೇ ನಡೆಸಬಹುದಲ್ಲ ಎನ್ನುವವರಿಗೆ ನನ್ನ ಉತ್ತರ: ಕಲಿಸುವ, ಮಾತನಾಡಿಸುವ ಭೇಟಿಗೆ ಸ್ವಯಂಸೇವಕರು ಸರಿ. ಕುಳಿತುಕೊಳ್ಳುವ ಭೇಟಿಗೆ ಸಂಬಳದವರೇ ಬೇಕು. ಮದುವೆ, ಜಾತ್ರೆ, ಪರೀಕ್ಷೆ ಎಂದು ಎರಡು ವಾರ ತಪ್ಪಿದರೆ ಆ ಮಂಗಳವಾರದ ಮೇಲಿನ ನಂಬಿಕೆ ಹೋಯಿತು.

ತರಬೇತಿ

ಸಭಾಂಗಣದಲ್ಲಿ ಒಂದು ದಿನದ ಶಿಬಿರ ಮಾಡಿ ಪ್ರಮಾಣಪತ್ರ ಹಂಚುವುದು ಸುಲಭ, ಫಲ ಕಡಿಮೆ. ಕಲಿಸಬೇಕಾದ ಸ್ಥಳ ಆಸ್ಪತ್ರೆಯ ಹಾಸಿಗೆಯ ಪಕ್ಕ, ಕಲಿಸಬೇಕಾದ ಸಮಯ ಬಿಡುಗಡೆಯ ಮುಂಚಿನ ಎರಡು ದಿನ. ಬೆಂಗಳೂರಿನ ನಾರಾಯಣ ಆಸ್ಪತ್ರೆಯಲ್ಲಿ ಕೆಲಸ ಶುರು ಮಾಡಿದ ನೂರಾ ಹೆಲ್ತ್ ಸಂಸ್ಥೆ ಮಾಡಿದ್ದು ಇದನ್ನೇ. ರೋಗಿಯ ಜೊತೆಗೆ ಬಂದು ವರಾಂಡದಲ್ಲಿ ಕಾಯುತ್ತಿದ್ದ ಮನೆಯವರನ್ನೇ ಕರೆದು ಕಲಿಸತೊಡಗಿತು.

ಕಲಿಸಬೇಕಾದದ್ದು ದೊಡ್ಡ ಶಾಸ್ತ್ರವೇನಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ರೋಗಿಯ ಸೊಂಟದ ಕೆಳಗೆ ಅರ್ಧಕ್ಕೆ ಮಡಚಿದ ಹೊದಿಕೆಯೊಂದನ್ನು ಹಾಸಿಟ್ಟು, ಕೈ ಹಿಡಿದು ಎಳೆಯುವ ಬದಲು ಆ ಹೊದಿಕೆಯನ್ನು ಎಳೆದು ಸರಿಸುವುದು. ಇದೊಂದನ್ನು ಕಲಿತರೆ ಬೆನ್ನು ಎಷ್ಟೋ ಉಳಿಯುತ್ತದೆ. ಮೂಗಿನ ಕೊಳವೆಯಲ್ಲಿ ಗಂಜಿ ಕೊಡುವಾಗ ತಲೆಯ ಕಡೆ ಎತ್ತರಿಸಿ, ಕೊಟ್ಟಾದ ಮೇಲೂ ಅರ್ಧ ಗಂಟೆ ಹಾಗೆಯೇ ಇರಿಸುವುದು. ಮೂತ್ರದ ಚೀಲವನ್ನು ಯಾವಾಗಲೂ ಸೊಂಟಕ್ಕಿಂತ ಕೆಳಗೆ ತೂಗುಹಾಕುವುದು.

ಮೊಬೈಲ್ ಮೂಲಕ ಕಲಿಸುವುದೇ ಸಾಕಲ್ಲವೇ ಎಂಬ ಆಸೆ ಎಲ್ಲರಿಗೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಡಿಮೆನ್ಷಿಯಾ ಆರೈಕೆದಾರರಿಗಾಗಿ ರೂಪಿಸಿದ ಐಸಪೋರ್ಟ್ ಎಂಬ ಆನ್‌ಲೈನ್ ಪಾಠಕ್ರಮವನ್ನು ನಿಮ್ಹಾನ್ಸ್‌ನ ಸಂಶೋಧಕರು ಭಾರತಕ್ಕೆ ಹೊಂದಿಸಿ ಪರೀಕ್ಷಿಸಿದರು. ನಡುವೆ ಬಿಟ್ಟುಹೋದವರೇ ಹೆಚ್ಚು, ಉಳಿದವರ ಹೊರೆಯಲ್ಲೂ ಗಮನಾರ್ಹ ಇಳಿಕೆ ಕಾಣಲಿಲ್ಲ. ಓದಲು ಕೂರುವ ಹೊತ್ತಿದ್ದರೆ ಅವರಿಗೆ ಈ ಸೇವೆಯೇ ಬೇಕಾಗುತ್ತಿರಲಿಲ್ಲವಲ್ಲ.

ತರಬೇತಿಯ ಬಗ್ಗೆ ನನ್ನದೊಂದು ತಕರಾರು ಇದೆ. ಅದು ಒಂದು ನಿಮಿಷವನ್ನೂ ಮರಳಿಸುವುದಿಲ್ಲ. ಬದಲಿಗೆ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಉದ್ದ ಮಾಡುತ್ತದೆ. ಹೀಗಾಗಿ ಸೊಸೆಗೆ ಕಲಿಸುವಾಗ ಮಗನನ್ನೂ ಕೂರಿಸಿ ಕಲಿಸಿ. ಮಗ ಬಾರದಿದ್ದರೆ ತರಬೇತಿಯ ದಿನವನ್ನೇ ಭಾನುವಾರಕ್ಕೆ ಬದಲಿಸಿ.

ಸಹಾಯವಾಣಿ

ಹೊಸದನ್ನು ಶುರು ಮಾಡಬೇಡಿ. ಮನಸ್ಸಿನ ಸಂಕಟಕ್ಕೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಇದೆ, ಸಂಖ್ಯೆ 14416, ಕನ್ನಡದಲ್ಲೂ ಮಾತನಾಡಬಹುದು. ಹಿರಿಯ ನಾಗರಿಕರಿಗೆ 14567. ನೀವು ಮಾಡಬಹುದಾದದ್ದು, ಈ ಸಂಖ್ಯೆಗಳ ಜೊತೆಗೆ ನಿಮ್ಮೂರಲ್ಲಿ ಆಕ್ಸಿಜನ್ ಸಿಲಿಂಡರ್, ಗಾಲಿಕುರ್ಚಿ, ಮನೆಗೆ ಬರುವ ಫಿಸಿಯೋಥೆರಪಿಸ್ಟ್, ಕೊಳವೆ ಬದಲಿಸುವ ನರ್ಸ್ ಎಲ್ಲಿ ಸಿಗುತ್ತಾರೆಂಬುದನ್ನು ಒಂದು ಪುಟದಲ್ಲಿ ಅಚ್ಚು ಹಾಕಿಸಿ, ಆರು ತಿಂಗಳಿಗೊಮ್ಮೆ ಪರಿಷ್ಕರಿಸಿ ಔಷಧದ ಅಂಗಡಿಗಳಲ್ಲಿ ಇಡುವುದು.

ಹಣ ಮತ್ತು ಕಾಗದಪತ್ರ

ಕೇರಳದ ಆಶ್ವಾಸಕಿರಣಂ ಯೋಜನೆ ಹಾಸಿಗೆ ಹಿಡಿದವರ ಆರೈಕೆದಾರರಿಗೆ ತಿಂಗಳಿಗೆ ₹600 ನಿಗದಿ ಮಾಡಿದೆ. ಕರ್ನಾಟಕದ 2024–25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ ₹1,000 ಘೋಷಣೆಯಾಯಿತು. ಇವು ಗೌರವದ ಗುರುತಾಗಬಹುದು, ಬಿಡುವನ್ನು ಕೊಳ್ಳಲು ಸಾಲವು. ಏಜೆನ್ಸಿಯಿಂದ ಹನ್ನೆರಡು ಗಂಟೆಯ ಹೋಮ್ ನರ್ಸ್ ಕರೆಸಿದರೆ ಬೆಂಗಳೂರಿನಲ್ಲಿ ತಿಂಗಳಿಗೆ ₹20,000 ದಾಟುವುದು ಸಾಮಾನ್ಯ.

ಟ್ರಸ್ಟ್‌ಗಳು ತಿಂಗಳಿಗೆ ₹500 ಹಂಚುವುದಕ್ಕಿಂತ, ಸಿಗಬೇಕಾದದ್ದನ್ನು ಕೊಡಿಸುವ ಒಬ್ಬರನ್ನು ನೇಮಿಸುವುದು ಲೇಸು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್, ಮಾಸಾಶನ, ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯ ₹1 ಲಕ್ಷದವರೆಗಿನ ನೆರವು, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಯಿಂದ ಕಾನೂನುಬದ್ಧ ಪೋಷಕತ್ವ, ಇವಕ್ಕಾಗಿ ಅಲೆಯುವುದೇ ಅರ್ಧ ಆಯಾಸ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರಿಗೆ ದಾರಿ ಚೆನ್ನಾಗಿ ಗೊತ್ತು. ಆರೈಕೆದಾರರ ಬದಲಿಗೆ ಕಚೇರಿಯ ಸರತಿಯಲ್ಲಿ ನಿಲ್ಲುವವರನ್ನು ಕೊಟ್ಟರೆ ಅದೂ ಹೊತ್ತನ್ನು ಮರಳಿಸಿದಂತೆಯೇ.

ನಿಮ್ಮ ಕೈಯಲ್ಲಿ ಎಷ್ಟಿದೆ

ವರ್ಷಕ್ಕೆ ₹1 ಲಕ್ಷದೊಳಗೆ ಇದ್ದರೆ ತಿಂಗಳ ಸಭೆ, ಒಂದು ಪುಟದ ಮಾಹಿತಿ, ಕಾಗದಪತ್ರಕ್ಕೆ ಅರೆಕಾಲಿಕ ಒಬ್ಬರು. ಇಷ್ಟರಲ್ಲಿ ಬಿಡುವು ಕೊಡಲು ಹೋಗಬೇಡಿ, ನಡುವೆ ನಿಲ್ಲಿಸಬೇಕಾಗುತ್ತದೆ.

ಮೂರರಿಂದ ಆರು ಲಕ್ಷವಿದ್ದರೆ ಒಬ್ಬರು ಅಥವಾ ಇಬ್ಬರು ಕಾರ್ಯಕರ್ತೆಯರ ಮನೆಭೇಟಿ, ಅದಕ್ಕೆ ಹೆಣೆದ ಸಭೆ. ಸಭೆಯ ದಿನ ಅತ್ಯಂತ ಕಷ್ಟದಲ್ಲಿರುವ ಒಂದೆರಡು ಮನೆಗಳಲ್ಲಿ ಕಾರ್ಯಕರ್ತೆ ಕುಳಿತರೆ ಎಂದೂ ಬಾರದವರೂ ಸಭೆಗೆ ಬರುತ್ತಾರೆ. ಯಾವುದನ್ನು ಆರಿಸುವುದೆಂದು ಇನ್ನೂ ತೋಚದವರಿಗೆ ನಾನು ಹೇಳುವುದು ಈ ಜೋಡಿಯನ್ನೇ.

ಹದಿನೈದು ಲಕ್ಷ ದಾಟಿ, ಅದೂ ಮೂರು ವರ್ಷಕ್ಕೆ ಖಾತ್ರಿಯಿದ್ದರೆ ಹಗಲು ಕೇಂದ್ರ. ನಗರದ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ವ್ಯಾನಿನ ಖರ್ಚಿಲ್ಲದಿರುವುದರಿಂದ ಇನ್ನೂ ಕಡಿಮೆಗೆ ಆಗುತ್ತದೆ. ಕ್ಲಬ್‌ಹೌಸ್‌ನ ಒಂದು ಕೋಣೆ ಸಾಕು. ಅಲ್ಲಿನ ಅಡ್ಡಿ ಬೇರೆ: ಅಮ್ಮನಿಗೆ ಮರೆವಿದೆ ಎಂದು ಪಕ್ಕದ ಫ್ಲ್ಯಾಟ್‌ಗೆ ತಿಳಿಯಬಾರದೆಂಬ ಹಟ. ನರ್ಸಿಂಗ್ ಹೋಮ್ ನಡೆಸುವವರು ಬಿಡುಗಡೆಯ ಮುಂಚಿನ ತರಬೇತಿಯನ್ನು ಆರಿಸಿಕೊಳ್ಳಲಿ. ಜಾಗವೂ ನರ್ಸ್‌ಗಳೂ ಆಗಲೇ ಇದ್ದಾರೆ. ಸಾಧ್ಯವಿದ್ದರೆ ವರ್ಷಕ್ಕೊಮ್ಮೆ ಒಂದು ವಾರ ರೋಗಿಯನ್ನು ಕಡಿಮೆ ದರದಲ್ಲಿ ಇರಿಸಿಕೊಳ್ಳಲು ಎರಡು ಹಾಸಿಗೆ ಮೀಸಲಿಡಲಿ; ಮಗಳ ಬಾಣಂತನವೋ ತನ್ನದೇ ಶಸ್ತ್ರಚಿಕಿತ್ಸೆಯೋ ಬಂದಾಗ ಮನೆಯವರಿಗೆ ಬೇರೆ ದಾರಿಯೇ ಇರುವುದಿಲ್ಲ. ಹೊರದೇಶದಿಂದ ಹಣ ಕೊಡುವವರು ಯಂತ್ರ, ಕಟ್ಟಡಕ್ಕೆ ಕೊಡುವ ಬದಲು ಇಬ್ಬರು ಕಾರ್ಯಕರ್ತೆಯರ ಮೂರು ವರ್ಷದ ಸಂಬಳವನ್ನು ವಹಿಸಿಕೊಳ್ಳಲಿ. ನಿಮ್ಮ ಸ್ವಂತ ತಂದೆ ತಾಯಿಯನ್ನು ಊರಲ್ಲಿ ತಂಗಿಯೋ ಅತ್ತಿಗೆಯೋ ನೋಡಿಕೊಳ್ಳುತ್ತಿದ್ದರೆ ಅವರಿಗೂ ಇದೇ ಅಳತೆ: ರಜೆಗೆ ಬಂದಾಗ ಉಡುಗೊರೆ ತರುವುದಕ್ಕಿಂತ ಆ ಎರಡು ವಾರ ಅವರನ್ನು ಹೊರಗೆ ಕಳುಹಿಸಿ.

ಮೂರು ತಿಂಗಳಿಗೊಮ್ಮೆ ಅದೇ ಮನೆಗಳಿಗೆ ಹೋಗಿ ಅದೇ ಪ್ರಶ್ನೆ ಕೇಳಿ. ಹೊರಗಿದ್ದ ಹೊತ್ತು ಬೆಳೆದಿಲ್ಲವೆಂದರೆ ಸೇವೆ ಚೆನ್ನಾಗಿದೆ ಎಂಬ ಹೊಗಳಿಕೆಯನ್ನು ನಂಬಬೇಡಿ. ಉಚಿತವಾಗಿ ಸಿಕ್ಕಿದ್ದನ್ನು ನಮ್ಮ ಜನ ಮುಖದ ಮೇಲೆ ತೆಗಳುವುದಿಲ್ಲ.

ಯೋಜನೆಯಲ್ಲಿ ಬಹುತೇಕರು ಬರೆಯಲು ಮರೆಯುವ ಒಂದು ಸಾಲಿದೆ. ರೋಗಿ ತೀರಿಕೊಂಡ ದಿನ ಆ ಮನೆಯ ಹೆಸರು ಪಟ್ಟಿಯಿಂದ ಹೋಗುತ್ತದೆ, ವೈಕುಂಠ ಸಮಾರಾಧನೆ ಮುಗಿದ ಮೇಲೆ ನೆಂಟರೂ ಹೋಗುತ್ತಾರೆ. ಆಮೇಲಿನ ಮೂರು ತಿಂಗಳಲ್ಲಿ ಎರಡು ಭೇಟಿಗಳನ್ನಾದರೂ ಬಜೆಟ್‌ನಲ್ಲಿ ಸೇರಿಸಿಡಿ. ಹಲವರು ಆಗ ತಾವಾಗಿಯೇ ಕೇಳುತ್ತಾರೆ, ನಾನೂ ಬೇರೆ ಮನೆಗೆ ಹೋಗಿ ಕೂರಲೇ ಎಂದು. ಅವರಿಗಿಂತ ಒಳ್ಳೆಯ ಕಾರ್ಯಕರ್ತೆಯರು ಸಿಗುವುದಿಲ್ಲ. ಆದರೂ ಆರು ತಿಂಗಳು ಕಳೆಯುವವರೆಗೆ ಒಪ್ಪಿಕೊಳ್ಳಬೇಡಿ, ಒಪ್ಪಿಕೊಂಡ ಮೇಲೆ ಸಂಬಳ ಕೊಡದೆ ದುಡಿಸಬೇಡಿ.